ಐದರಿಂದ ಎರಡಕ್ಕೆ ಇಳಿದ ಧೈರ್ಯ

ಗುರುಲಿಂಗವ್ವನಂಥ ಹಟಮಾರಿ ಹೆಂಗಸಿನ ಜೊತೆ ಕೆಲಸ ಮಾಡುವ ಕರ್ಮ ವೈರಿಗೂ ಬೇಡ. ಆಕೆಗೆ ಐವತ್ತೆರಡು, ಊರು ಗುಡೂರು. ಏಳನೆಯ ತರಗತಿಗೆ ಶಾಲೆ ಬಿಡಿಸಿದ್ದರು. ಎರಡು ಮಕ್ಕಳ ತಾಯಿಯಾದ ಮೇಲೆ, ಮೂವತ್ತನೆಯ ವಯಸ್ಸಿನಲ್ಲಿ, ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಸರಿಯಾಗಿ ಮೂವತ್ತೈದು ತೆಗೆದು ಪಾಸಾದಳು. ಆ ಮೂವತ್ತೈದರ ಕತೆಯನ್ನು ಇವತ್ತಿಗೂ ಎದುರು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಈಗ ದಿನಾ ಬಸ್ಸು ಹಿಡಿದು ಇಳಕಲ್ಲಿಗೆ ಬಂದು, ನಮ್ಮ ಸಂಸ್ಥೆಯ ಒಂದು ಖೋಲಿಯಲ್ಲಿ, ಶಾಲೆ ಬಿಟ್ಟ ಇಪ್ಪತ್ತಾರು ಹುಡುಗಿಯರನ್ನು ಅದೇ ಪರೀಕ್ಷೆಗೆ ತಯಾರು ಮಾಡುತ್ತಾಳೆ. ನಾನು ವಿಜಯಮಹಾಂತೇಶ, ಬಾಗಲಕೋಟೆಯ ಆಫೀಸಿನಲ್ಲಿ ಕೂತು ಆ ಹುಡುಗಿಯರ ಹಾಳೆಗಳನ್ನು ಕಂಪ್ಯೂಟರಿಗೆ ಹಾಕುವವನು.

ಹಾಳೆ ಅಂದರೆ ಪ್ರಶ್ನಾವಳಿ. ಹದಿಹರೆಯದವರು ಒಳ್ಳೆಯ ದಾರಿಯಲ್ಲಿ ಬೆಳೆಯುತ್ತಿದ್ದಾರೋ ಇಲ್ಲವೋ ಅಳೆಯುವ ನಲವತ್ತು ವಾಕ್ಯಗಳು, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಅಮೆರಿಕದಲ್ಲಿ, ಮೆಕ್ಸಿಕೋ ಕಡೆಯಿಂದ ಬಂದ ಲ್ಯಾಟಿನೋ ಮನೆತನಗಳ ಮಕ್ಕಳಿಗಾಗಿ ಮಾಡಿದ್ದಂತೆ. ಅಲ್ಲಿಂದ ದಿಲ್ಲಿಗೆ ಬಂತು, ಯಾರೋ ಪುಣ್ಯಾತ್ಮರು ಕನ್ನಡ ಮಾಡಿ ನಮ್ಮ ತಲೆಗೆ ಕಟ್ಟಿದರು. ‘ನನ್ನ ಅನನ್ಯತೆಯ ಕುರಿತು ನಾನು ಸಕಾರಾತ್ಮಕ ಭಾವನೆ ಹೊಂದಿರುತ್ತೇನೆ.’ ಇದನ್ನು ಓದಿ ನನಗೇ ತಲೆ ಗಿರ್ರೆಂದಿತು, ಇನ್ನು ಹುಡುಗಿಯರ ಗತಿ ಏನು?

ಹೋದ ವರ್ಷ ನಾನೇ ಮನೆಮನೆಗೆ ಹೋಗಿ ತುಂಬಿಸಿದೆ. ಹದಿನಾರರ ಶಹನಾಜಳ ಮನೆಯಲ್ಲಿ ಅವಳ ತಾಯಿ ದೌಲತಬಿ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟೆದ್ದು, ಚಹಾ ಇಟ್ಟು ಚುರುಮುರಿ ಕಲಸಿ ಕೊಟ್ಟಳು. ಶಹನಾಜ ನಲವತ್ತಕ್ಕೂ ಐದೇ ಐದು ಬರೆದಳು. ‘ಒಬ್ಬಳೇ ಹೋಗಿ ಅಧಿಕಾರಿಗಳೊಡನೆ ಮಾತಾಡುವ ಧೈರ್ಯ ನನಗಿದೆ’ ಎಂಬುದಕ್ಕೂ ಐದು. ಅವಳೋ ಓಣಿಯ ತುದಿ ದಾಟದ ಹುಡುಗಿ. ಉಳಿದ ಮನೆಗಳಲ್ಲೂ ಇದೇ ಹಾಡು. ಸರಾಸರಿ ನಾಲ್ಕೂವರೆ ಬಂತು, ಆಫೀಸಿನಲ್ಲಿ ಎಲ್ಲರೂ ಖುಷಿಪಟ್ಟರು, ನಾನೂ ಬಾಯಿ ಮುಚ್ಚಿಕೊಂಡು ಟೈಪು ಮಾಡಿದೆ.

ಈ ವರ್ಷ ಗುರುಲಿಂಗವ್ವ ಹಾಳೆಗಳನ್ನು ಖೋಲಿಯಲ್ಲೇ ತುಂಬಿಸಿ ಕಳಿಸಿದಳು. ಕಂಪ್ಯೂಟರಿಗೆ ಹಾಕಿದರೆ ಸರಾಸರಿ ಎರಡೂಮುಕ್ಕಾಲು, ಅದು ಆಗಲೇ ಮೇಲಿನ ಆಫೀಸಿಗೂ ಹೋಗಿಬಿಟ್ಟಿತ್ತು. ಶಹನಾಜ ಧೈರ್ಯದ ಮುಂದೆ ಎರಡು ಬರೆದಿದ್ದಳು. ಅಂಕ ಇಳಿದ ಕೇಂದ್ರವನ್ನು ಮುಚ್ಚಬೇಕೆಂಬುದು ನಮ್ಮ ಸಂಸ್ಥೆಯ ನಿಯಮ, ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ನನಗೆ ಮೈಯೆಲ್ಲ ಉರಿದುಹೋಯಿತು. ಫೋನು ಹಚ್ಚಿದೆ.

“ಅಕ್ಕಾರ, ಏನ್ ಮಾಡಿ ಕುಂತೀರಿ? ವರ್ಷ ಪೂರ್ತಿ ಕಲಿಸಿ ಹುಡುಗ್ಯಾರ್ನ ಹಿಂದಕ್ಕ ದಬ್ಬಿದಂಗ ಆಗೈತಿ.”

“ಹೋದ ವರ್ಷ ನೀ ಅವರ ಮನಿಗೆ ಹೋಗಿದ್ದೆಪಾ. ಮನಿಗೆ ಬಂದವರನ್ನ ಒಂದು, ಎರಡು ಕೊಟ್ಟು ಕಳಸಾಕ ಬರ್ತೈತೇನು? ಚಹಾ ಕೊಟ್ಟಂಗ ಐದೂ ಕೊಟ್ಟಾರ.”

“ಮತ್ತ ಈ ವರ್ಷ?”

“ಈ ವರ್ಷ ಶಹನಾಜ ಪರೀಕ್ಷಾ ಅರ್ಜಿ ಹಿಡಕೊಂಡು ನಾಕ ಸಲ ಒಬ್ಬಾಕೀನ ಹುನಗುಂದದ ಶಿಕ್ಷಣ ಆಫೀಸಿಗೆ ಹೋಗಿ ಬಂದಾಳ. ಸಾಹೇಬರ ಟೇಬಲ್ ಮುಂದ ನಿಂತ್ರ ಬಾಯಿ ಹೆಂಗ ಒಣಗತೈತಿ ಅಂತ ಈಗ ಗೊತ್ತಾಗೈತಿ. ಖರೇ ಬರದಾಳ.”

“ಖರೇ ತಗೊಂಡು ಉಪ್ಪಿನಕಾಯಿ ಹಾಕೂದೈತೇನ್ರಿ? ಖೋಲಿ ಮುಚ್ಚತಾರ. ಹಾಳ್ಯಾಗ ಎರಡು ಇದ್ದದ್ದು ನಾಕು ಮಾಡಿ, ಟೈಪು ಮಾಡೂವಾಗ ತಪ್ಪಿತ್ತು ಅಂತ ಹೇಳ್ತೇನಿ, ಯಾರಿಗೂ ಗೊತ್ತಾಗೂದಿಲ್ಲ.”

“ಹಂಗ ಮಾಡಿದ್ರ ನಾ ನಿನ್ನ ಆಫೀಸಿಗೇ ಬಂದು ನಿಲ್ತೇನಿ ನೋಡು, ವಿಜಯಾ,” ಎಂದು ಫೋನು ಇಟ್ಟುಬಿಟ್ಟಳು.

ಇಂಥವರಿಗೆ ಏನು ಹೇಳೋಣ? ಮೂವತ್ತೈದು ಅಂಕಕ್ಕಾಗಿ ಮೂರು ಸಲ ಹೆಣಗಿದವಳಿಗೆ ಅಂಕದ ಬೆಲೆಯನ್ನು ನಾನು ತಿಳಿಸಬೇಕೆ? ಅವತ್ತೇ ಕೂತು ಇಪ್ಪತ್ತಾರು ಹಾಳೆಗಳನ್ನೂ ಹೊಸದಾಗಿ ಬರೆದೆ. ಎರಡೆಲ್ಲ ನಾಲ್ಕಾದವು. ಮಡಚಿ ಚೀಲದಲ್ಲಿ ಇಟ್ಟುಕೊಂಡೆ.

ಸೋಮವಾರ ಮೇಲಿನ ಆಫೀಸಿನಿಂದ ಸಿದ್ದಾರ್ಥ ಸರ್ ಬಂದು ನನ್ನನ್ನೂ ಜೀಪಿನಲ್ಲಿ ಇಳಕಲ್ಲಿಗೆ ಕರೆದೊಯ್ದರು. ಹಾಳೆಗಳನ್ನು ದಾರಿಯಲ್ಲೇ ಕೊಡೋಣ ಅಂದುಕೊಂಡರೆ ಆ ಮನುಷ್ಯ ಗೊರಕೆ ಹೊಡೆಯುತ್ತ ಕೂತರು. ಖೋಲಿಯಲ್ಲಿ ಹುಡುಗಿಯರ ಎದುರು ಕುರ್ಚಿ ಹಾಕಿಸಿಕೊಂಡು ನೇರವಾಗಿ ವಿಷಯಕ್ಕೆ ಬಂದರು.

“ಅಂಕ ಇಳದಾವು, ನಿಯಮದ ಪ್ರಕಾರ ಖೋಲಿ ಮುಚ್ಚಬೇಕಾಗ್ತೈತಿ. ತಿಳೀಲಾರದ ಬರದಿದ್ರ ಇನ್ನೊಮ್ಮೆ ಬರದು ಕೊಡ್ರಿ.”

ಮೊದಲ ಖಾಲಿ ಹಾಳೆ ಶಹನಾಜಳ ಕೈಗೆ ಹೋಯಿತು. ಐದು ಬರಿಯವ್ವಾ ತಾಯಿ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಗುರುಲಿಂಗವ್ವ ಮಾತ್ರ ಬಾಯಲ್ಲಿ ಕಡುಬು ತುರುಕಿಕೊಂಡವಳಂತೆ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದಳು. ಹುಡುಗಿ ಬರೆದು ಕೊಟ್ಟಳು. ಧೈರ್ಯದ ಮುಂದೆ ಮತ್ತೆ ಅದೇ ಎರಡು.

“ಖೋಲಿ ಮುಚ್ಚತೈತಿ ಅಂತ ಗೊತ್ತಿದ್ದೂ ಹಿಂಗ ಬರದಿಯಲ್ಲ?” ಸರ್ ಕೇಳಿದರು.

“ಗೊತ್ತೈತ್ರಿ ಸರ್,” ಶಹನಾಜ ಎದ್ದು ನಿಂತಳು. “ಖೋಲಿ ಮುಚ್ಚಿದ್ರ ನನ್ನ ಪರೀಕ್ಷಾ ಹೋದಂಗ. ಮತ್ತ ಮನ್ಯಾಗ ಕಂಡಿಕಿ ಸುತ್ತಕೋತ ಕುಂದ್ರಬೇಕು. ಆದ್ರ ಹೋದ ವರ್ಷ ನಾ ಬರದ ಐದು ಸುಳ್ಳು. ಆ ಸುಳ್ಳ ಹಿಡಕೊಂಡು ಮುಚ್ಚಬ್ಯಾಡ್ರಿ.”

“ನನ್ನ ಮುಂದ ಇಷ್ಟ ಧೈರ್ಯಲೇ ಮಾತಾಡ್ತಿ. ಮತ್ತ ಎರಡ್ಯಾಕ?”

“ಕೈ ನೋಡ್ರಿ ಸರ್, ಹೆಂಗ ನಡಗಾಕತ್ತಾವು. ಅದಕ್ಕ ಎರಡು.”

ಸರ್ ನನ್ನ ಕಡೆ ತಿರುಗಿದರು. “ಎರಡೂ ವರ್ಷದ್ದು ನೀವ ಹಾಕೀರಿ. ಯಾವ ಅಂಕಿ ಖರೆ?”

ಚೀಲ ನನ್ನ ತೊಡೆಯ ಮೇಲೇ ಇತ್ತು. ಶಹನಾಜ ಇನ್ನೂ ನಿಂತೇ ಇದ್ದಳು. ಒಂದು ವಾರದಿಂದ ಊರವರ ಮೇಲೆಲ್ಲ ಹರಿಹಾಯ್ದಿದ್ದ ಸಿಟ್ಟು ಆಗ ನನ್ನ ಮೇಲೇ ತಿರುಗಿತು, ನಾಚಿಕೆಯೂ ಆಯಿತು.

“ಈ ವರ್ಷದ್ದು ಖರೆ ಸರ್. ಹೋದ ವರ್ಷದ್ದು ಸುಳ್ಳು ಅಂತ ನನಗ ಆವತ್ತ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.”

ಅವರು ಫೈಲು ತೆರೆದು ಹೋದ ವರ್ಷದ ಸಾಲಿನ ಮೇಲೆ ಗೆರೆ ಎಳೆದರು. “ಹಂಗಾದ್ರ ಹೋದ ವರ್ಷದ್ದು ತಗದು ಹಾಕ್ರಿ. ಇದೇ ಮೊದಲನೇ ವರ್ಷ ಅಂತ ಬರೀತೇನಿ. ನಿಮಗ ಒಂದು ನೋಟೀಸು ಬರ್ತೈತಿ.”

ಖೋಲಿಗೆ ಒಂದು ವರ್ಷ ಸಿಕ್ಕಿತು, ನನಗೆ ನೋಟೀಸು. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಗುರುಲಿಂಗವ್ವ ಬಂದು ಕೈ ಚಾಚಿದಳು.

“ಆ ಚೀಲದಾಗಿನ ಹಾಳಿ ಕೊಡು, ತಮ್ಮಾ.”

“ಯಾವ ಹಾಳಿ, ಅಕ್ಕಾರ?”

“ನಾಕು ಮಾಡಿದ್ದು. ನಿನ್ನ ನಾ ಕಂಡಿಲ್ಲೇನು? ಹಿಂದ ಖಾಲಿ ಇರ್ತಾವಲ್ಲ, ಹುಡುಗ್ಯಾರು ಗಣಿತ ಬಿಡಸ್ತಾರ.”

ತೆಗೆದು ಕೊಟ್ಟೆ. ಅಲ್ಲೇ ನಿಂತು ಒಂದೊಂದಾಗಿ ಎಣಿಸಿ, “ಇಪ್ಪತ್ತಾರು, ಬರೋಬ್ಬರಿ ಐತಿ,” ಎಂದು ಒಳಗೆ ಹೋದಳು.