ಪರದೆಯ ಮೂಲೆ ಒತ್ತುತ್ತಿದ್ದ ಕಾಣದ ಬೆರಳು

ಮಿತ್ರರೇ, ಭಾಗ್ಯನಗರದ ನಮ್ಮ ಮನೆಯಲ್ಲಿ ಇಂದು ಮಧ್ಯಾಹ್ನ ಲಿನಕ್ಸ್‌ನ ವಿಚಾರಣೆ ನಡೆಯಿತು. ಆರೋಪಿಯ ಪರ ನಿಂತ ಒಬ್ಬನೇ ವಕೀಲ ನಾನು. ಅಕ್ಕ ಬ್ಲೌಸ್ ಹೊಲಿಯುತ್ತಾಳೆ. ಗಿರಾಕಿಗಳ ಅಳತೆಯೆಲ್ಲ ಅಂಗೈಯಗಲದ, ಪರದೆ ಮುಟ್ಟಿ ನಡೆಸುವ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಹೋದ ವಾರ ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದವನು ನಾನೇ. ಇಂದು ನೋಡಿದರೆ ಪರದೆಯನ್ನು ಎಲ್ಲಿ ಮುಟ್ಟಿದರೂ ಅದು ಮಾತು ಕೇಳುತ್ತಿಲ್ಲ. ತಪ್ಪೆಲ್ಲ ಲಿನಕ್ಸ್‌ನದೇ ಎಂಬುದು ಅಕ್ಕನ ಆರೋಪ.

“ನಾಳೆ ಅಳವಂಡಿ ಹುಡುಗಿ ಮದುವಿ ಐತಿ. ಅಕೀ ಅಳತಿ ಸಿಗಲಿಲ್ಲಂದ್ರ ನಿನ್ನ ಹೊಸಾ ಅಂಗಿ ಕತ್ತರಿಸಿ ಬ್ಲೌಸ್ ಹೊಲೀತೀನಿ ನೋಡ,” ಎಂದಳು ಅಕ್ಕ.

ನಾನು ಗಂಭೀರವದನನಾಗಿ ಕೀಬೋರ್ಡ್ ಸಿಕ್ಕಿಸಿ, ಪರದೆಗೆ ಎಲ್ಲೆಲ್ಲಿ ಸ್ಪರ್ಶವಾಗುತ್ತಿದೆ ಎಂದು ತೋರಿಸುವ ಕಮಾಂಡ್ ಕೊಟ್ಟೆ. ಯಾರೂ ಮುಟ್ಟದಿದ್ದರೂ ಕೆಳಗಿನ ಎಡಮೂಲೆಯನ್ನು ಒಂದು ಬೆರಳು ಒತ್ತಿಕೊಂಡೇ ಇದೆ ಎಂದಿತು ಲಿನಕ್ಸ್. ಹಾಗಾಗಿ ನಮ್ಮ ಬೆರಳು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆ ಮೂಲೆಯ ಸಂದಿಯಲ್ಲಿ ಸೂಜಿ ಆಡಿಸಿದೆ. ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಹೊರಬಂತು. ಪರದೆ ತಕ್ಷಣ ಸರಿಹೋಯಿತು.

ಅಕ್ಕ ಅವ್ವನ ಕಡೆ ತಿರುಗಿದಳು. “ಯವ್ವಾ, ಇದಕ್ಕೂ ಅಕ್ಷತಿ ಹಾಕಿದೇನ?”

“ಶುಕ್ರವಾರ ಹೊಲಿಗಿ ಮಷಿನ್ನಿಗೆ ಹಾಕ್ತೀನಿ. ಇದೇನ ಪಾಪ ಮಾಡೇತಿ?” ಎಂದಳು ಅವ್ವ.

ಲಿನಕ್ಸ್ ನಿರ್ದೋಷಿ ಎಂದು ನಾನು ತೀರ್ಪು ಓದುವಷ್ಟರಲ್ಲಿ ಅವ್ವ ಆ ಕಾಳನ್ನು ಕಣ್ಣಿಗೊತ್ತಿಕೊಂಡು ನನ್ನ ತಲೆಯ ಮೇಲೆ ಹಾಕಿದಳು. “ಅದರ ತಲಿ ಓಡಾಕತ್ತೈತಿ. ಇನ್ನ ನಿಂದೂ ಓಡ್ಲಿ.”

ಅಕ್ಕ ಈಗ ಅಳತೆ ನೋಡಿ ಬಟ್ಟೆ ಕತ್ತರಿಸುತ್ತಿದ್ದಾಳೆ. ನನ್ನ ತಲೆ ಮಾತ್ರ ಸದ್ಯಕ್ಕೆ ಮೊದಲಿನಂತೆಯೇ ಇದೆ.