ಗ್ರ್ಯಾಂಡ್ ಮಾರ್ಚಿನ ಕ್ಯಾಥರಿನ್ ಬಾಯಿ

ಪೆದ್ರು ಲಸ್ರಾದೊ ಮಂಗಳೂರಿನಿಂದ ಹಡಗು ಹತ್ತಿ ಬಂದು, ಮಲಯಾದ ಫ್ರೇಸರ್ಸ್ ಹಿಲ್ಲಿನಲ್ಲಿ ಬ್ರಿಟಿಷ್ ಆಫೀಸರುಗಳ ಬಂಗಲೆಗೆ ಬಟ್ಲರನಾದವನು. ಒಂದು ಕ್ರಿಸ್ಮಸ್ಸಿಗೆ ದಾರಿ ಕುಸಿದಾಗ, ಮೊಣಕಾಲುದ್ದದ ಕೇಕನ್ನು ತಲೆಯ ಮೇಲೆ ಹೊತ್ತು ಬೆಟ್ಟ ಹತ್ತಿದ ಗಟ್ಟಿಗ. ಅವನ ಮಗ ಲೊರೆನ್ಸ್ ಅದೇ ಬಂಗಲೆಯ ಕುಣಿತಕ್ಕೆ ಕಾರ್ನೆಟ್ ತುತ್ತೂರಿ ಊದಿದವನು. ಎಳೆಮೀಸೆಯ ಲೆಫ್ಟಿನೆಂಟುಗಳು ಸುಸ್ತಾಗಿ ಬೂಟು ಕಳಚಿ ಕೂತರೂ ಇವನ ಉಸಿರು ಮುಗಿಯುತ್ತಿರಲಿಲ್ಲವಂತೆ. ಆ ಲೊರೆನ್ಸನ ಮಗಳೇ ಬ್ರಿಕ್‌ಫೀಲ್ಡ್ಸ್ ಪೇಟೆಯ ಕ್ಯಾಥರಿನ್ ಬಾಯಿ.

ಇಲ್ಲಿನ ಮಂಗಳೂರು ಕ್ರೈಸ್ತರ ಮದುವೆಗಳಲ್ಲಿ ಗ್ರ್ಯಾಂಡ್ ಮಾರ್ಚ್ ಕೂಗುವ ಹಕ್ಕು ನಲವತ್ತು ವರ್ಷಗಳಿಂದ ಬಾಯಿಯವರದೇ. ಜೋಡಿಗಳು ಸಾಲಾಗಿ ನಡೆಯಬೇಕು; ಅವರು ಕೂಗಿದಂತೆ ಒಂದು ಜೋಡಿ ಎಡಕ್ಕೆ, ಇನ್ನೊಂದು ಬಲಕ್ಕೆ; ಸುತ್ತಿ ಬಂದು ಕೂಡಿದಾಗ ನಾಲ್ವರು, ಆಮೇಲೆ ಎಂಟು ಮಂದಿ. ಎಪ್ಪತ್ತೆರಡರಲ್ಲೂ ಅವರದು ಕಂಚಿನ ಕಂಠ.

ಕಳೆದ ಮೇ ತಿಂಗಳಲ್ಲಿ ಮೊಮ್ಮಗ ಶೆಲ್ಡನನ ಮದುವೆ ಫ್ರೇಸರ್ಸ್ ಹಿಲ್ಲಿನ ಅದೇ ಬಂಗಲೆಯಲ್ಲಿ ನಡೆಯಿತು. ಬಾಯಿಯವರ ತಮ್ಮನ ಮಗ ಮ್ಯಾಕ್ಸ್‌ವೆಲ್, ಇಲ್ಲಿಯವರ ‘ಲಾ’ ಸೇರಿಸಿಯೇ ತಕರಾರು ತೆಗೆದ.

“ಇನ್ನು ಡೀಜೆ ಕೂಗ್ಲಿ ಆಂಟಿ. ನಿಮ್ಗೆ ವಯಸ್ಸಾಯ್ತು ಲಾ.”

“ಹೌದಾ? ಇವತ್ತು ಸಾಲು ಮುರಿದ್ರೆ ನಾನು ಇನ್ನು ಬಾಯಿ ತೆರೆಯುದಿಲ್ಲ. ಆಯ್ತಾ?”

ಪಣ ಕಟ್ಟಿಯಾಯಿತು.

ಅಂದಿನ ಅತಿಥಿಗಳಲ್ಲಿ ಶೆಲ್ಡನನ ಗೆಳೆಯ ಒಲಿವರನೂ ಇದ್ದ, ಇಪ್ಪತ್ತಾರರ ಬ್ರಿಟಿಷ್ ಕ್ಯಾಪ್ಟನ್. ರಜೆ ಹಾಕಿ ಬೆಟ್ಟಕ್ಕೆ ಬಂದವನು ಬೆಳಿಗ್ಗೆ ಗಾಲ್ಫ್, ಮಧ್ಯಾಹ್ನ ಚಹಾ, ಸಂಜೆ ಯಾವ ಬಂಗಲೆಯಲ್ಲಿ ನಗು ಕೇಳಿದರೂ ಅಲ್ಲಿ ಹಾಜರು. ಮಾರ್ಚ್ ಎಂದರೆ ಸಿಪಾಯಿಗಿಂತ ಬಲ್ಲವರುಂಟೇ ಎಂದು ಬಾಯಿ ಅವನನ್ನೇ ಸಾಲಿನ ತಲೆಗೆ ನಿಲ್ಲಿಸಿದರು. ಅಲ್ಲೇ ಎಡವಟ್ಟಾಯಿತು!

ಬ್ಯಾಂಡು ಮೊಳಗಿದ್ದೇ ತಡ, ಒಲಿವರ್ ಎದೆಯುಬ್ಬಿಸಿ ಮಾರುದ್ದ ಹೆಜ್ಜೆ ಹಾಕಿದ. ಜೊತೆಗಾತಿ ನಟಾಶಾ ಓಡಬೇಕಾಯಿತು. ಹಿಂದೆ ಬಂದ ಅಜ್ಜಿಯಂದಿರು ಸೀರೆ ನೆರಿಗೆ ಎತ್ತಿ ಹಿಡಿದು ಏದುಸಿರು ಬಿಟ್ಟರು. ಸಾಲು ಇನ್ನೇನು ಹರಿದೇ ಹೋಗಬೇಕು! ಮ್ಯಾಕ್ಸ್‌ವೆಲ್ ಆಗಲೇ ಹಲ್ಲು ಕಿರಿಯುತ್ತಿದ್ದ.

ಬಾಯಿ ನಡುಮನೆಗೆ ಧುಮುಕಿ ಒಲಿವರನಿಗೆ ಇಂಗ್ಲಿಷಿನಲ್ಲೇ ದಬಾಯಿಸಿದರು: “ಇದೇನು ಯುದ್ಧವಾ ಮಾರಾಯ? ನಿನ್ನ ಕಾಲು ಮರೆತುಬಿಡು. ಹುಡುಗಿಯ ಕಾಲು ನೋಡಿಕೊಂಡು ಹೆಜ್ಜೆ ಹಾಕು!”

ಹುಡುಗ ಕೆಂಪೇರಿ, “ಯೆಸ್, ಮ್ಯಾಮ್!” ಎಂದು ಸೆಲ್ಯೂಟ್ ಹೊಡೆದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹೆಜ್ಜೆ ಚಿಕ್ಕದಾಯಿತು. ಎಡಕ್ಕೆ, ಬಲಕ್ಕೆ! ಇಬ್ಬರು ನಾಲ್ವರಾದರು, ನಾಲ್ವರು ಎಂಟಾದರು! ಹಲಗೆಯ ನೆಲ ಧಡಧಡ ನಡುಗಿತು, ಕಿಟಕಿಯ ಗಾಜು ಗಲಗಲಿಸಿತು. ಒಂದೇ ಒಂದು ಜೋಡಿಯೂ ಕಳಚಲಿಲ್ಲ.

ಇನ್ನು ಉಳಿದದ್ದು ಜೋಡಿಗಳು ಕೈಯೆತ್ತಿ ಕಟ್ಟುವ ಕಮಾನು ಮಾತ್ರ. ಬಾಯಿ ಬೆವರಿ ತೊಪ್ಪೆಯಾಗಿದ್ದರು. ಮ್ಯಾಕ್ಸ್‌ವೆಲ್ ಕುರ್ಚಿ ಎಳೆದು ತಂದ. ಅವರ ಕೈಯಲ್ಲಿದ್ದ ಮೈಕಿಗೂ ಕೈ ನೀಡಿದ.

“ಸಾಕು ಆಂಟಿ, ಗೆದ್ರಿ ನೀವು. ಕೂತ್ಕೊಳ್ಳಿ, ಇದೊಂದು ನಾನು ಕೂಗ್ತೇನೆ.”

“ಕುರ್ಚಿ ನೀನೇ ಇಟ್ಕೋ ಮಗಾ, ನೋಡಿಯೇ ನಿಂಗೆ ಸುಸ್ತಾಗಿದೆ. ಮೈಕ್ ಬಿಡು, ನನ್ನ ಜೋಡಿಗಳು ಕಾಯ್ತಾ ಉಂಟು!”