ಅದು ಮೆಣಸಿನಕಾಯಿಯ ಉರಿಯಾಗಿರಲಿಲ್ಲ

ಮೊನ್ನೆ ರಾಣೆಬೆನ್ನೂರಿನ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರು. ಘಾಟಿಗೆ ಏಳು ಸಲ ಸೀನಿದೆ. ಎಂಟನೆಯ ಸೀನಿಗೆ ಕಾಯುತ್ತಿದ್ದಾಗ ಬ್ಯಾಡಗಿಯ ನಮ್ಮ ಎದುರುಮನೆಯ ದೊಡ್ಡವ್ವ ನೆನಪಾದಳು...

ರಕ್ತಸಂಬಂಧವೇನಿರಲಿಲ್ಲ, ಓಣಿಗೆಲ್ಲ ಆಕೆ ದೊಡ್ಡವ್ವ. ಬದುಕೆಲ್ಲ ಮಾರುಕಟ್ಟೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಆ ಕೆಲಸದವರಿಗೆ ಮೈಯಲ್ಲಿ ಎಲ್ಲಿ ಉರಿದರೂ ಅದು ಕಾಯಿಯ ಉರಿ, ಮಜ್ಜಿಗೆ ಹಚ್ಚಿದರೆ ಮುಗಿಯಿತು. ಬಲಗಾಲಿನ ಬೆರಳು ಉರಿಯತೊಡಗಿದಾಗಲೂ ಎರಡು ತಿಂಗಳು ಮಜ್ಜಿಗೆ ಹಚ್ಚಿದಳು. ಕಿರುಬೆರಳು ಕಪ್ಪಾಯಿತು.

ಆಗ ನಾನು ಕಾಲೇಜಿನಲ್ಲಿದ್ದೆ. ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವ ಅಭ್ಯಾಸ. ಅವಳ ಬಾಗಿಲಿನಿಂದ ನಳದವರೆಗೆ ನೂರಾಹನ್ನೆರಡು ಹೆಜ್ಜೆ. ಮೀನಖಂಡ ಹಿಡಿದುಕೊಂಡು ಮೊದಲು ಅರವತ್ತಕ್ಕೆ ನಿಲ್ಲುತ್ತಿದ್ದಳು, ಆಮೇಲೆ ನಲವತ್ತಕ್ಕೆ, ಕೊನೆಗೆ ಇಪ್ಪತ್ತೆಂಟಕ್ಕೆ.

"ಏನ್ ಬರೀತಿ ತಂಗಿ? ಎಣಸಾಕ ನಾ ಏನ್ ವೋಟಿನ ಪೆಟಗಿ ಏನ?"

ಮಗ ಅವಳನ್ನು ಹಾವೇರಿಗೆ ಕರೆದೊಯ್ದ, ಜೊತೆಗೆ ನಾನೂ ಹೋದೆ. ಅಲ್ಲಿಯ ಡಾಕ್ಟರ್ ತೊಡೆಯ ರಕ್ತನಾಳ ಕಟ್ಟಿಕೊಂಡಿದೆ, ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗಬಹುದು ಎಂದರು. ದೊಡ್ಡವ್ವ ಎದ್ದು ನಿಂತಳು.

"ತೊಟ್ಟು ಮುರದಷ್ಟು ಹಗೂರ ಅನ್ಕೊಂಡೀರೇನ್ರಿ?"

"ಈ ವಯಸ್ಸಿನಾಗ ಯಾಕ ಹಟ? ತಗಸಿಬಿಡೂಣು," ಎಂದ ಮಗ.

"ನಿಂದು ತಗಸ್ಕೊ. ನನ್ನ ಕಾಲಿಗೆ ನಾ ಅದೇನಿ."

ನಾನು ಡೈರಿಯನ್ನು ಮುಂದಿಟ್ಟೆ. ಡಾಕ್ಟರ್ ಹಾಳೆ ತಿರುವಿ, ಇಪ್ಪತ್ತೆಂಟು ಹೆಜ್ಜೆ ನಡೆಯುತ್ತಾಳೆಂದರೆ ಇನ್ನೂ ಸ್ವಲ್ಪ ರಕ್ತ ಹರಿಯುತ್ತಿದೆ, ಕಾಲು ಉಳಿಯಲೂಬಹುದು ಎಂದು ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿನ ಡಾಕ್ಟರ್ ಬಿಡಿಸಿ ಹೇಳಿದರು. ಕೊಯ್ಯುವುದಿಲ್ಲ, ತೊಡೆಯ ಸಂದಿಯಲ್ಲಿ ಸೂಜಿಯಷ್ಟು ತೂತು. ಅದರೊಳಗಿಂದ ತಂತಿ ಹೋಗುತ್ತದೆ, ಕಟ್ಟಿಕೊಂಡ ಕಡೆ ಪುಟ್ಟ ಬಲೂನು ಉಬ್ಬಿ ದಾರಿ ಬಿಡಿಸುತ್ತದೆ. ತಂತಿ ನೂಕುವುದು ಯಂತ್ರದ ಕೈ; ಗಾಜಿನ ಆಚೆ ಕೂತು ಅದನ್ನು ನಡೆಸುವುದು ತಾವು.

"ಆ ಕೈ ನಿಮ್ಮ ಮಾತ ಕೇಳ್ತೈತೇನ್ರಿ?"

"ಕೇಳುತ್ತಮ್ಮ. ನಾನು ಎಷ್ಟು ತಿರುಗಿಸಿದರೆ ಅಷ್ಟೇ."

"ಹಂಗಾರ ನನ್ನ ಮಗಗಿಂತ ಚಲೋ ಐತಿ. ನಡೀರಿ."

ಮಗನೂ ನಕ್ಕುಬಿಟ್ಟ. ದೊಡ್ಡವ್ವ ಒಪ್ಪಿಗೆಯ ಹಾಳೆಗೆ ಹೆಬ್ಬೆಟ್ಟು ಒತ್ತಿದಳು. ಕಾಲು ಉಳಿಯಿತು. ಕಪ್ಪಾದ ಬೆರಳು ಉಳಿಯಲಿಲ್ಲ. "ಒಂದು ಬೆರಳ ಕೊಟ್ಟೇನಿ, ಸಾಕು," ಎಂದಳು. ಊರಿಗೆ ಬಂದು ಹತ್ತೊಂಬತ್ತನೆಯ ದಿನ ನೂರಾಹನ್ನೆರಡೂ ಹೆಜ್ಜೆ ಎಲ್ಲೂ ನಿಲ್ಲದೆ ನಡೆದು, ನಳದ ಹತ್ತಿರ ತಿರುಗಿ ನನ್ನನ್ನು ನೋಡಿದಳು.

"ಬರ್ಕೋ."

ಹದಿನಾರು ತಿಂಗಳ ಮೇಲೆ ಅವಳ ಹೃದಯ ನಿಂತಿತು. ಅಂದೂ ಬೆಳಿಗ್ಗೆ ತಾನೇ ಮಾರುಕಟ್ಟೆಗೆ ನಡೆದುಹೋಗಿ, ಗೆಳತಿಯರ ಜೊತೆ ಜಗಳವಾಡಿ, ಚಹಾ ಕುಡಿದು ಬಂದಿದ್ದಳು.

ಊರಿಗೆ ಹೋದರೆ ಈಗಲೂ ಯಾರಾದರೂ ಕೇಳುತ್ತಾರೆ: "ಹದಿನಾರು ತಿಂಗಳಿಗೆ ಅಷ್ಟೆಲ್ಲಾ ಬೇಕಿತ್ತೇನ?" ಮೊದಮೊದಲು ವಾದಿಸುತ್ತಿದ್ದೆ. ಈಗ ವಾದವಿಲ್ಲ. ಅಷ್ಟೂ ದಿನ ಅವಳನ್ನು ಯಾರೂ ಎತ್ತಿ ಕೂರಿಸಬೇಕಾಗಲಿಲ್ಲ. ಎದುರುಮನೆಯ ಕಟ್ಟೆ ಬರಿದಾಗಿದೆ, ಅತ್ತ ನೋಡದೆ ದಾಟುವುದು ನನಗಿನ್ನೂ ಬಂದಿಲ್ಲ... ಆದರೂ ಕೇಳಿದವರಿಗೆ ಹೇಳುತ್ತೇನೆ, ಬೇಕಿತ್ತು.